ಪ್ರಾಪ್ತಿಯ ಹೊಟ್ಟೆನೋವು, ಅತ್ತಿಗೆಯ ಸಿಟ್ಟು

ಅಲ್ ಸದ್ದ್, ದೋಹಾ
೫ ಸೆಪ್ಟೆಂಬರ್ ೨೦೨೪

ಪ್ರೀತಿಯ ಅತ್ತಿಗೆಗೆ,

ಎಲ್ಲರೂ ಸೌಖ್ಯ ಎಂದು ಬರೆಯೋಣವೆಂದರೆ ಪೆನ್ನು ಮುಂದೆ ಹೋಗುತ್ತಿಲ್ಲ. ವಾಟ್ಸಾಪ್ ಇರುವಾಗ ಇದೆಂಥ ಕಾಗದ ಎಂದು ನೀವು ನಗಬಹುದು. ಏನು ಮಾಡಲಿ, ನಮ್ಮದು ಒಂದು ಬೆಡ್‌ರೂಮು, ಒಂದು ಹಾಲ್, ಒಂದೇ ಬಾತ್‌ರೂಮು. ಫೋನಿನಲ್ಲಿ ನಾನೊಂದು ಮಾತಾಡಿದರೆ ಮನೆಯವರೆಲ್ಲ ಅದಕ್ಕೆ ಉತ್ತರ ಕೊಡುತ್ತಾರೆ. ನಿಮ್ಮ ಫೋನಂತೂ ಯಾವಾಗಲೂ ಸ್ಪೀಕರಿನಲ್ಲಿ, ನಿಮ್ಮ ಮನೆಯವರು ಸೀನಪ್ಪಣ್ಣ ಅಂಗಳದಿಂದಲೇ ಮಾತಿಗೆ ಸೇರುತ್ತಾರೆ. ಪಕ್ಕದ ಫ್ಲಾಟಿನ ಜೂಲಿಯೆಟ್‌ಳ ಗಂಡ ಟೆರೆನ್ಸ್ ನಾಳೆ ಊರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ.

ಅಕ್ಷಿತ್ ಆರಾಮಾಗಿದ್ದಾನೆ. ಮೊದಲೇ ಹೇಳಿಬಿಡುತ್ತೇನೆ, ಮಗನ ಸುದ್ದಿ ಸಿಗದೆ ನೀವು ಮುಂದಿನ ಸಾಲು ಓದುವುದಿಲ್ಲ. ಮೇ ತಿಂಗಳಲ್ಲಿ ಬಂದವನಿಗೆ ವೆಸ್ಟ್ ಬೇಯ ಆಫೀಸು ಈಗ ಅಭ್ಯಾಸವಾಗಿದೆ. ಕಂಪೆನಿಯವರು ನಜ್ಮಾದಲ್ಲಿ ಕೊಟ್ಟ ರೂಮಿಗೆ ಹೋಗುತ್ತೇನೆ ಎಂದವನನ್ನು ನೀವೂ ನಿಮ್ಮ ತಮ್ಮನೂ ಸೇರಿ ತಡೆದಿರಲ್ಲ, ಸೋದರಮಾವನ ಮನೆ ಇರುವಾಗ ಬ್ಯಾಚುಲರ್ ರೂಮು ಯಾಕೆಂದು. ಈಗ ಹಾಲ್‌ನ ಸೋಫಾ ಅವನದ್ದು, ಮಗಳು ಪ್ರಾಪ್ತಿ ನಮ್ಮ ರೂಮಿನಲ್ಲಿ ನೆಲಕ್ಕೆ ಹಾಸಿಕೊಳ್ಳುತ್ತಾಳೆ. ಅವನಿಂದ ತಂಟೆಯಿಲ್ಲ, ಒಳ್ಳೆಯ ಹುಡುಗ.

ತಂಟೆ ಪ್ರಾಪ್ತಿಯ ಹೊಟ್ಟೆಯದ್ದು. ಆಗಸ್ಟಿನಿಂದ ನೋವು, ಉಬ್ಬರ, ಊಟಕ್ಕೆ ಕೂತರೆ ಎರಡು ತುತ್ತಿಗೆ ತಟ್ಟೆ ಸರಿಸುತ್ತಾಳೆ. ಹತ್ತನೆಯ ಕ್ಲಾಸು, ಬೋರ್ಡ್ ಪರೀಕ್ಷೆ ಬೇರೆ. ಶಾಲೆಯಿಂದ ಬಂದವಳೇ ಬ್ಯಾಗು ಬಿಸಾಡಿ ಮುದುಡಿ ಮಲಗುತ್ತಾಳೆ. ಬಾತ್‌ರೂಮಿಗೆ ಹೋದರೆ ನಲ್ಲಿ ಪೂರ್ತಿ ಬಿಟ್ಟು ಕೂರುತ್ತಾಳೆ. ನೀರೇನು ನಿನ್ನ ಅಜ್ಜನ ಮನೆಯದ್ದಾ ಎಂದು ನಾನು ಬೈಯುತ್ತೇನೆ, ಆಮೇಲೆ ಯಾಕೆ ಬೈದೆ ಎಂದು ನನಗೇ ಬೇಸರವಾಗುತ್ತದೆ. ನಾಡಿದ್ದು ಡಾಕ್ಟರ ಹತ್ತಿರ ಹೋಗುವುದಿದೆ. ನನಗಂತೂ ಕೂತಲ್ಲಿ ಕೂರಲಾಗುತ್ತಿಲ್ಲ.

ನಿಮ್ಮ
ಅಮಿತಾ


ಕಿನ್ನಿಗೋಳಿ
೨೧ ಸೆಪ್ಟೆಂಬರ್ ೨೦೨೪

ಅಮಿತಾ,

ಕಾಗದ ಸಿಕ್ಕಿತು. ಟೆರೆನ್ಸ್ ಮನೆಗೇ ಬಂದು ಕೊಟ್ಟು, ಚಹಾ ಕುಡಿದು ಹೋದ. ಅವನು ವಾಪಸು ಬರುವಾಗ ಇದನ್ನೂ ಓಮ, ಪುನರ್ಪುಳಿ ಸಿಪ್ಪೆ, ಹರಳೆಣ್ಣೆಯ ಬಾಟಲಿಯನ್ನೂ ತರುತ್ತಾನೆ.

ಮೊದಲು ಹುಡುಗಿಯ ದೃಷ್ಟಿ ತೆಗೆ. ಆ ಮೇಲೆ ಓಮ ಹುರಿದು ಕಷಾಯ ಮಾಡಿ ಕೊಡು. ಹರಳೆಣ್ಣೆ ಶುಕ್ರವಾರವೇ ಕೊಡು, ರಜೆಯ ದಿನ ಅಲ್ಲವಾ. ನಿಮ್ಮಲ್ಲಿ ಮಕ್ಕಳು ತಿನ್ನುವುದಾದರೂ ಎಂಥದು, ಬೆಳಿಗ್ಗೆ ಏನೂ ಇಲ್ಲ, ಮಧ್ಯಾಹ್ನ ಚಿಪ್ಸು, ರಾತ್ರಿ ಶವರ್ಮಾ. ಹೊಟ್ಟೆ ಮುಷ್ಕರ ಹೂಡದೆ ಇನ್ನೇನು ಮಾಡೀತು?

ನನಗೆ ಕೇಳಿದರೆ ಇದು ಹೊಟ್ಟೆಯ ರೋಗವೇ ಅಲ್ಲ, ನಾಚಿಕೆ. ಬಾವ ಎದುರಿಗೆ ಕೂತು ಊಟ ಮಾಡುವಾಗ ಹುಡುಗಿಗೆ ತುತ್ತು ಇಳಿಯುವುದು ಹೇಗೆ? ಕಳೆದ ಶುಕ್ರವಾರ ವಿಡಿಯೋದಲ್ಲಿ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ನೋಡಿದೆನಲ್ಲ, ಏನು ಜೋಡಿ ಮಾರಾಯ್ತಿ! ಕೆಂಪಾಗಿ ಓಡಿಯೇ ಹೋದಳು. ನಾನು ತಮ್ಮ ದುಗ್ಗುವಿಗೆ ಹೇಳಿಟ್ಟಿದ್ದೇನೆ, ಅವಳ ಓದು ಮುಗಿಯಲಿ, ಆ ಮೇಲೆ ಹೊರಗೆ ಹುಡುಕುವ ಕೆಲಸ ನಮಗಿಬ್ಬರಿಗೂ ಇಲ್ಲ ಎಂದು. ತಮಾಷೆ ಎಂದುಕೊಳ್ಳಬೇಡ, ನಮ್ಮಲ್ಲಿ ಇದು ನಡೆದುಕೊಂಡು ಬಂದದ್ದೇ.

ಅಕ್ಷಿತನಿಗೆ ಮೀನು ವಾರಕ್ಕೆ ನಾಲ್ಕು ದಿನವಾದರೂ ಆಗಬೇಕು. ಅವನು ಬಾಯಿ ಬಿಟ್ಟು ಕೇಳುವವನಲ್ಲ.

ಅರುಂಧತಿ


ಅಲ್ ಸದ್ದ್
೧೮ ಅಕ್ಟೋಬರ್ ೨೦೨೪

ಪ್ರೀತಿಯ ಅತ್ತಿಗೆಗೆ,

ಇನ್ನು ಮುಂದೆಯೂ ಊರಿಗೆ ಹೋಗಿಬರುವವರ ಕೈಯಲ್ಲೇ ಕಾಗದ ಕಳಿಸುತ್ತೇನೆ, ನೀವೂ ಹಾಗೇ ಮಾಡಿ. ಓಮ ಆಯಿತು, ಹರಳೆಣ್ಣೆಯೂ ಆಯಿತು. ಹರಳೆಣ್ಣೆಯ ದಿನ ಅವಳು ಅತ್ತದ್ದು ನೋಡಿದರೆ ನಿಮಗೂ ಕರುಳು ಚುರುಕ್ ಎನ್ನುತ್ತಿತ್ತು. ರಜೆ ಎಂದು ಎಲ್ಲರೂ ಮನೆಯಲ್ಲಿದ್ದೆವು, ಅವಳು ರೂಮಿನ ಬಾಗಿಲು ಹಾಕಿಕೊಂಡು ಹೊಟ್ಟೆ ಹಿಡಿದುಕೊಂಡು ಕೂತವಳು ಸಂಜೆ ಅಕ್ಷಿತ್ ಕ್ರಿಕೆಟಿಗೆ ಹೋಗುವವರೆಗೂ ಹೊರಗೇ ಬರಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ನೋಡಿದರು, ಸ್ಕ್ಯಾನ್ ಮಾಡಿದರು. ಎಲ್ಲ ನಾರ್ಮಲ್. ಮಲಬದ್ಧತೆ ಅಷ್ಟೇ ಎಂದು ಸಿರಪ್ ಬರೆದುಕೊಟ್ಟರು. ಸಿರಪ್ಪಿನ ಬಾಟಲಿ ದಿನಾ ಇಳಿಯುತ್ತಿತ್ತು, ನೋವು ಇಳಿಯಲಿಲ್ಲ. ಆಮೇಲೆ ನೋಡುತ್ತೇನೆ, ಅವಳು ಅದನ್ನು ಅಡುಗೆಮನೆಯ ಸಿಂಕಿಗೆ ಸುರಿಯುತ್ತಿದ್ದಾಳೆ! ನಾನು ಕೂಗಾಡಿದೆ, ನಿಮ್ಮ ತಮ್ಮ ನನ್ನ ಮೇಲೆ ಕೂಗಾಡಿದರು, ಅಕ್ಷಿತ್ ಪಾಪ ಟಿವಿಯ ಸೌಂಡ್ ಕಡಿಮೆ ಮಾಡಿ ಗೋಡೆ ನೋಡುತ್ತ ಕೂತ.

ಕೊನೆಗೆ ಜೂಲಿಯೆಟ್ ಒಂದು ಕಡೆ ಕರೆದುಕೊಂಡು ಹೋದಳು. ಚೀನಾದ ಡಾಕ್ಟರು, ಹೆಸರು ಲಿನ್, ನಿಮ್ಮ ವಯಸ್ಸಿನವರೇ. ಜೂಲಿಯೆಟ್‌ಳ ಕುತ್ತಿಗೆ ನೋವಿಗೆ ಸೂಜಿ ಚುಚ್ಚಿದವರು. ನನಗೆ ನಂಬಿಕೆ ಏನೂ ಇರಲಿಲ್ಲ, ಆದರೆ ಮಗಳು ನರಳುವಾಗ ಯಾರು ಬಾ ಎಂದರೂ ಹೋಗುತ್ತೇವೆ. ಅವರು ಎರಡೂ ಕೈಯ ನಾಡಿ ಮೂರು ಬೆರಳಿಟ್ಟು ತುಂಬ ಹೊತ್ತು ಹಿಡಿದರು. ನಾಲಿಗೆ ಚಾಚಲು ಹೇಳಿ, ಅಂಚಿನಲ್ಲಿ ಹಲ್ಲಿನ ಗುರುತು ಬಿದ್ದದ್ದನ್ನು ನನಗೆ ತೋರಿಸಿದರು. ಹೊಟ್ಟೆಯೊಳಗೆ ಒಂದು ಒಲೆ ಇದೆಯಂತೆ, ಇವಳದ್ದು ಮಂದವಾಗಿದೆಯಂತೆ. ಐಸ್ ನೀರು, ತಣ್ಣಗಿನ ಜ್ಯೂಸು, ಕರಿದದ್ದು ಎಲ್ಲ ಖಲಾಸ್. ಶುಂಠಿ ಹಾಕಿ ಅಕ್ಕಿ ಗಂಜಿ, ಬಿಸಿಬಿಸಿ, ಬೆಳಿಗ್ಗೆ. ಮೊಣಕಾಲ ಕೆಳಗೆ ಒಂದು ಜಾಗ ತೋರಿಸಿ, ದಿನಾ ಹೆಬ್ಬೆರಳಿನಿಂದ ಒತ್ತು ಎಂದರು. ಹೊಟ್ಟೆಯನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಉಜ್ಜಬೇಕಂತೆ. ಆಸ್ಪತ್ರೆಯ ಸಿರಪ್ ಬಿಡಬಾರದು ಎಂದೂ ಹೇಳಿದರು, ಅದು ನನಗೆ ಹಿಡಿಸಿತು.

ಆಮೇಲೆ ಒಂದು ಮಾತು ಕೇಳಿದರು. ಅವರ ಶಾಸ್ತ್ರದಲ್ಲಿ ದಿನದ ಒಂದೊಂದು ಹೊತ್ತು ದೇಹದ ಒಂದೊಂದು ಭಾಗಕ್ಕೆ ಸೇರಿದ್ದಂತೆ, ಬೆಳಕು ಹರಿಯುವ ಹೊತ್ತು ದೊಡ್ಡ ಕರುಳಿನದ್ದು. ಆ ಹೊತ್ತಿನಲ್ಲಿ ನೀನು ಏನು ಮಾಡುತ್ತೀ ಎಂದು ಪ್ರಾಪ್ತಿಯನ್ನು ಕೇಳಿದರು. ಅವಳು ನನ್ನ ಮುಖ ನೋಡಿದಳು. ನಾನೇ ಉತ್ತರ ಕೊಟ್ಟೆ, ಯೂನಿಫಾರ್ಮು, ಟಿಫಿನ್ನು, ಸ್ಕೂಲ್ ಬಸ್ಸು, ಯಲ್ಲಾ ಯಲ್ಲಾ ಎಂದು ಓಡುವುದು ಎಂದು. ಡಾಕ್ಟರು ನನ್ನ ಮಾತು ಪೂರ್ತಿ ಕೇಳಿ, ಮುಂದಿನ ಸಲ ಮಗಳನ್ನು ಒಳಗೆ ಕಳಿಸಿ ನೀವು ಹೊರಗೆ ಕೂತಿರಿ ಎಂದರು.

ಯಾಕೆ ಹಾಗೆ ಹೇಳಿದರೋ. ಆವತ್ತಿನಿಂದ ನನ್ನ ತಲೆಯಲ್ಲಿ ಹುಳ ಬಿಟ್ಟ ಹಾಗಾಗಿದೆ.

ಅಮಿತಾ


ಕಿನ್ನಿಗೋಳಿ
೨ ನವೆಂಬರ್ ೨೦೨೪

ಅಮಿತಾ,

ಗಂಜಿ ಕುಡಿಯಲು ಹೇಳುವುದಕ್ಕೆ ಚೀನಾದಿಂದ ಜನ ಬರಬೇಕಾಯಿತಾ? ನಾನು ಹೇಳಿದ್ದರೆ ನೀವು ಮೂಗು ಮುರಿಯುತ್ತಿದ್ದಿರಿ. ಹೊಟ್ಟೆಯಲ್ಲಿ ಒಲೆ ಉಂಟು ಎಂದು ನನ್ನ ಅಮ್ಮನೂ ಹೇಳುತ್ತಿದ್ದಳು, ಅವಳ ನಾಡಿ ಹಿಡಿದವರು ಯಾರೂ ಇರಲಿಲ್ಲ. ಸೂಜಿ ಮಾತ್ರ ಚುಚ್ಚಿಸಬೇಡ, ಬೆಳೆಯುವ ಹುಡುಗಿ.

ತಾಯಿಯನ್ನು ಹೊರಗೆ ಕೂರಿಸಿ ಮಗಳ ಬಾಯಿ ಬಿಡಿಸುವುದು ಎಂಥ ವೈದ್ಯ? ನಾನಾಗಿದ್ದರೆ ಎದ್ದು ಬರುತ್ತಿದ್ದೆ.

ಡಿಸೆಂಬರ್ ಕೊನೆಗೆ ಸೀನಪ್ಪನವರ ತಂಗಿಯ ಮಗಳ ಮದುವೆ, ಮೂಲ್ಕಿಯ ಮದುವೆ ಹಾಲ್‌ನಲ್ಲಿ. ಶಾಲೆಗೆ ರಜೆ ಇರುತ್ತದಲ್ಲ, ಮೂರೂ ಜನ ಬನ್ನಿ. ಅಕ್ಷಿತನೂ ನಿಮ್ಮ ಜೊತೆಯೇ ಟಿಕೆಟ್ ಮಾಡಲಿ. ಪ್ರಾಪ್ತಿಗೆ ನಾನು ಸೀರೆ ತೆಗೆದಿಟ್ಟಿದ್ದೇನೆ, ಅವನ ಶರ್ಟಿಗೆ ಒಪ್ಪುವ ಬಣ್ಣ. ನೆಂಟರೆಲ್ಲ ಒಮ್ಮೆ ನೋಡಲಿ.

ಅರುಂಧತಿ


ಅಲ್ ಸದ್ದ್
೧೯ ನವೆಂಬರ್ ೨೦೨೪

ಅತ್ತಿಗೆಗೆ,

ಮೊನ್ನೆ ಡಾಕ್ಟರ್ ಲಿನ್ ಹತ್ತಿರ ಹೋಗಿದ್ದೆವು. ಪ್ರಾಪ್ತಿ ಒಳಗೆ, ನಾನು ಹೊರಗೆ. ಗೋಡೆಯ ಮೇಲೆ ಮನುಷ್ಯನ ಮೈಯ ಚಿತ್ರ, ತಲೆಯಿಂದ ಕಾಲಿನವರೆಗೆ ಗೆರೆಗಳು. ಅದನ್ನು ನೋಡುತ್ತ ಕೂತವಳಿಗೆ ಹೆಣ್ಣುಮಕ್ಕಳ ತಾಯಿಗೆ ಬರುವ ಯೋಚನೆಗಳೆಲ್ಲ ಬಂದವು. ಒಂದೊಂದಾಗಿ ಅಲ್ಲ, ಒಟ್ಟಿಗೇ. ಶಾಲೆಯಲ್ಲಿ ಏನಾದರೂ ಆಗಿದೆಯೋ, ಬಸ್ಸಿನಲ್ಲೋ. ಮನೆಯಲ್ಲೇ ಏನಾದರೂ ಆಗಿದೆಯೋ ಎಂದೂ ಯೋಚಿಸಿದೆ, ನಿಮ್ಮಿಂದ ಮುಚ್ಚಿಡುವುದಿಲ್ಲ. ಜೂಲಿಯೆಟ್ ನೀರು ತಂದುಕೊಟ್ಟಳು, ಕುಡಿಯಲಾಗಲಿಲ್ಲ.

ಪ್ರಾಪ್ತಿ ಹೊರಗೆ ಬಂದಳು. ಅತ್ತಿದ್ದಳು, ಆದರೆ ಮುಖ ಹಗುರವಾಗಿತ್ತು. ಡಾಕ್ಟರು ನನಗೆ ಹೆಚ್ಚೇನೂ ಹೇಳಲಿಲ್ಲ. ಯೋಚನೆ ಹೊಟ್ಟೆಯಲ್ಲೇ ಕೂರುತ್ತದೆ, ಇವಳು ಹೇಳುತ್ತಾಳೆ, ಬೈಯದೆ ಕೇಳಿ ಎಂದರು. ಮನೆಗೆ ಬರುವ ದಾರಿಯಲ್ಲಿ ಅವಳು ಹೇಳಿದಳು. ನಾನು ಬೈಯದೆ ಕೇಳಿದೆ.

ಅತ್ತಿಗೆ, ನಿಮ್ಮಲ್ಲಿ ಒಂದು ಕೇಳುತ್ತೇನೆ. ಅಕ್ಷಿತ್ ನಜ್ಮಾದ ರೂಮಿಗೆ ಹೋಗಲಿ. ಕಂಪೆನಿಯ ರೂಮು ಇನ್ನೂ ಅವನ ಹೆಸರಿನಲ್ಲೇ ಇದೆ. ನಿಮ್ಮ ತಮ್ಮನಿಗೆ ಇದನ್ನು ಹೇಳಲು ನನಗೆ ಬಾಯಿಲ್ಲ. ಹೇಳಿದರೆ, ಅಕ್ಕನ ಮಗನನ್ನು ಹೊರಹಾಕಿದ ಮೇಲೆ ಊರಿನಲ್ಲಿ ತಲೆಯೆತ್ತಿ ನಡೆಯುವುದು ಹೇಗೆ ಎನ್ನುತ್ತಾರೆ. ಅಕ್ಷಿತನಿಗೆ ಹೇಳುವುದಂತೂ ಸಾಧ್ಯವೇ ಇಲ್ಲ. ನೀವು ಹೋಗು ಎಂದರೆ ಮಾತ್ರ ಅವನು ಹೋಗುತ್ತಾನೆ. ಕಾರಣ ಕೇಳಬೇಡಿ, ದಮ್ಮಯ್ಯ.

ಅಮಿತಾ


ಕಿನ್ನಿಗೋಳಿ
೧ ಡಿಸೆಂಬರ್ ೨೦೨೪

ಅಮಿತಾ,

ಕಾರಣ ಕೇಳಬಾರದಂತೆ! ನನ್ನ ಮಗ ನಿನ್ನ ಮನೆಯ ಬಾಡಿಗೆಯವನಾ, ಇವತ್ತು ಇರು ನಾಳೆ ಹೋಗು ಎನ್ನಲು? ದುಗ್ಗುವನ್ನು ಸೊಂಟದಲ್ಲಿ ಹೊತ್ತು ಬೆಳೆಸಿದವಳು ನಾನು. ಅವನ ಮನೆಯಲ್ಲಿ ನನ್ನ ಮಗನಿಗೆ ಒಂದು ಸೋಫಾದಷ್ಟು ಜಾಗ ಇಲ್ಲವಾ?

ನಿನ್ನ ಕಾಗದ ಓದಿದ ಮೇಲೆ ನನಗೆ ಅನ್ನ ಸೇರುತ್ತಿಲ್ಲ. ಡಾಕ್ಟರು ಮಗಳನ್ನು ಒಬ್ಬಳೇ ಕರೆದರು, ಅವಳು ಅತ್ತಳು, ಮರುದಿನ ನನ್ನ ಮಗ ಮನೆ ಬಿಡಬೇಕು. ಇದರ ಅರ್ಥ ಎಂಥದು? ಅವನು ಅವಳ ಮೇಲೆ ಕೈ ಇಟ್ಟಿದ್ದರೆ ಬರೆ. ಮುಚ್ಚಬೇಡ. ಮೊದಲ ವಿಮಾನದಲ್ಲಿ ಬಂದು ಅವನ ತಾಯಿಯೇ ಅವನ ಕೆನ್ನೆಗೆ ಚಪ್ಪಲಿಯಲ್ಲಿ ಬಾರಿಸುತ್ತಾಳೆ. ಹಾಗಲ್ಲವಾದರೆ ಅದನ್ನೂ ಬರೆ. ಸೀನಪ್ಪನವರಿಗೆ ಇನ್ನೂ ಹೇಳಿಲ್ಲ. ಫೋನ್ ಎತ್ತಿದರೆ ಏನು ಹೇಳಿಬಿಡುತ್ತೇನೋ ಎಂದು ಎತ್ತುತ್ತಿಲ್ಲ.

ಅರುಂಧತಿ


ಅಲ್ ಸದ್ದ್
೬ ಡಿಸೆಂಬರ್ ೨೦೨೪

ಅತ್ತಿಗೆಗೆ,

ಸರಿ, ಬರೆಯುತ್ತೇನೆ. ನಿಮ್ಮನ್ನು ಅಂಥ ಯೋಚನೆಯಲ್ಲಿ ಬಿಟ್ಟದ್ದು ನನ್ನ ತಪ್ಪು. ಅಕ್ಷಿತ್ ಏನೂ ಮಾಡಿಲ್ಲ. ಅವನ ಕೈಯಲ್ಲಿ, ಕಣ್ಣಿನಲ್ಲಿ, ಮಾತಿನಲ್ಲಿ ಎಲ್ಲಿಯೂ ಕೆಟ್ಟದ್ದಿಲ್ಲ. ಇದನ್ನು ಮೊದಲು ಓದಿ, ಎರಡು ಸಲ ಓದಿ.

ನನ್ನ ಮಗಳು ಅವನು ಬಂದ ಮೇಲೆ ಸರಿಯಾಗಿ ಕಕ್ಕಸಿಗೆ ಹೋಗಿಲ್ಲ. ಇಷ್ಟೇ ಅತ್ತಿಗೆ ವಿಷಯ. ನಮ್ಮ ಬಾತ್‌ರೂಮಿನ ಬಾಗಿಲು ಹಾಲ್‌ಗೆ ತೆರೆಯುತ್ತದೆ. ಅವನು ತಲೆಯಿಟ್ಟು ಮಲಗುವ ಸೋಫಾದಿಂದ ಕೈ ಚಾಚಿದರೆ ಆ ಬಾಗಿಲು ಸಿಗುತ್ತದೆ. ಒಳಗಿನ ಒಂದೊಂದು ಶಬ್ದವೂ ಹೊರಗೆ ಕೇಳುತ್ತದೆ. ಬೆಳಿಗ್ಗೆ ಅವಳಿಗೆ ಹೋಗಬೇಕಾದ ಹೊತ್ತಿಗೆ ಅವನು ಅಲ್ಲಿ ಮಲಗಿರುತ್ತಾನೆ. ಅದಕ್ಕೇ ನಲ್ಲಿ ಬಿಡುತ್ತಿದ್ದಳು. ನಾನು ನೀರಿನ ಲೆಕ್ಕ ಹೇಳಿ ಅದನ್ನೂ ನಿಲ್ಲಿಸಿದೆ. ಬೇಸಗೆಯಲ್ಲಿ ಎಸಿ ಓಡುವ ಸದ್ದಿನಲ್ಲಿ ಅಷ್ಟಿಷ್ಟು ಧೈರ್ಯ ಇತ್ತಂತೆ. ಚಳಿ ಶುರುವಾಗಿ ಎಸಿ ನಿಂತ ಮೇಲೆ ಮನೆಯೆಲ್ಲ ನಿಶ್ಶಬ್ದ, ಇವಳ ಹೊಟ್ಟೆ ಕಲ್ಲು. ಶಾಲೆಯ ಟಾಯ್ಲೆಟ್ಟಿಗೆ ಮೊದಲೇ ಹೋಗುವವಳಲ್ಲ.

ಆಗಸ್ಟಿನಲ್ಲಿ ಒಂದು ಶುಕ್ರವಾರ ನಮ್ಮ ಕಡೆಯವರು ಊಟಕ್ಕೆ ಬಂದಿದ್ದರು. ಇವಳು ಒಳಗಿದ್ದಳು. ಅಕ್ಷಿತ್ ಬಾಗಿಲು ತಟ್ಟಿ, "ಪ್ರಾಪ್ತಿ, ಎಂಥ ಮಾರಾಯ್ತಿ, ಅಲ್ಲೇ ಮನೆ ಮಾಡಿದ್ಯಾ?" ಎಂದ. ತಂಗಿಗೆ ಹೇಳಿದ ಹಾಗೆ ಹೇಳಿದ್ದು. ಬಂದವರಲ್ಲಿ ಯಾರೋ, ಈಗಲೇ ಬಾವನಿಗೆ ಹೆದರಿ ಒಳಗೆ ಕೂತಿದ್ದಾಳೆ, ಮದುವೆಯಾದ ಮೇಲೆ ಏನು ಗತಿ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ದಿನದಿಂದ ಅವಳು ತಡೆಹಿಡಿಯಲು ಶುರುಮಾಡಿದ್ದು. ಹೋಗಬೇಕಾಗದಿರಲಿ ಎಂದು ಊಟ ಬಿಟ್ಟಳು. ಹೋಗಬೇಕಾದೀತು ಎಂದು ಸಿರಪ್ ಚೆಲ್ಲಿದಳು.

ಅವನು ಅಣ್ಣನ ಹಾಗಿದ್ದಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ ಎಂದಳು. ಎಲ್ಲರೂ ಅವನನ್ನು ನನ್ನ ಗಂಡ ಎನ್ನುತ್ತಾರೆ, ಕಿನ್ನಿಗೋಳಿ ಮಾಮಿಯೂ ಹಾಗೇ ಹೇಳುತ್ತಾರೆ, ಅವನು ಹೊರಗೆ ಕೂತಿರುವಾಗ ನಾನು ಹೇಗಮ್ಮ ಹೋಗಲಿ ಎಂದು ಬಸ್ಸಿನಲ್ಲಿ ನನ್ನ ಹೆಗಲಿಗೆ ಮುಖ ಒತ್ತಿ ಅತ್ತಳು. ನನಗೂ ತಡೆಯಲಾಗಲಿಲ್ಲ.

ಅತ್ತಿಗೆ, ನೀವು ನನಗೆ ತಾಯಿಯ ಸಮಾನ, ಆದರೂ ಹೇಳುತ್ತೇನೆ. ಇನ್ನು ಮೇಲೆ ವಿಡಿಯೋದಲ್ಲಿ ಅವರಿಬ್ಬರನ್ನು ಒಟ್ಟಿಗೆ ನಿಲ್ಲಿಸಬೇಡಿ. ಜೋಡಿ ಎನ್ನಬೇಡಿ. ಆ ಸೀರೆಯನ್ನು ಬೇರೆ ಯಾರಿಗಾದರೂ ಕೊಡಿ. ಅವಳಿಗೆ ಹದಿನೈದು. ನೀವು ಸಿಟ್ಟಾದರೆ ಆಗಿ, ನನಗೆ ಮಗಳು ಬೇಕು. ಆದರೆ ಈ ವಿಷಯ ಅಕ್ಷಿತನಿಗೆ ತಿಳಿಯಬಾರದು. ತಿಳಿದರೆ ಸತ್ತೇ ಹೋಗುತ್ತೇನೆ ಎಂದು ಆಣೆ ಹಾಕಿಸಿಕೊಂಡಿದ್ದಾಳೆ. ಅವನನ್ನು ಕಾರಣ ಹೇಳದೆ ಕಳಿಸುವುದು ಹೇಗೋ ನನಗೆ ಹೊಳೆಯುತ್ತಿಲ್ಲ.

ಅಮಿತಾ


ಕಿನ್ನಿಗೋಳಿ
೧೯ ಡಿಸೆಂಬರ್ ೨೦೨೪

ಅಮಿತಾ,

ಅಕ್ಷಿತ್ ಹೋದ ಭಾನುವಾರ ನಜ್ಮಾದ ರೂಮು ಸೇರಿದ್ದು ನಿನಗೆ ಗೊತ್ತೇ ಉಂಟು. ಮುಖ ಗಂಟು ಹಾಕಿಕೊಂಡು, ಚೀಲ ಎತ್ತಿಕೊಂಡು, ಸರಿಯಾಗಿ ವಿದಾಯವೂ ಹೇಳದೆ ಹೋದನಂತೆ. ಯಾಕೆಂದು ದುಗ್ಗು ನಿನ್ನನ್ನು ಕೇಳಿದನಂತೆ, ನೀನು ನನಗೇನೂ ಗೊತ್ತಿಲ್ಲ ಎಂದೆಯಂತೆ. ಈಗ ಗೊತ್ತುಮಾಡಿಕೋ, ಯಾಕೆಂದರೆ ಇನ್ನು ಮುಂದೆ ನೀನೂ ಹೀಗೇ ಹೇಳಬೇಕು.

ನಾನೂ ನೀನೂ ಜಗಳವಾಡಿದ್ದೇವೆ. ನಾನು ಕಳಿಸಿದ ಒಣಮೀನನ್ನು ನೀನು ವಾಸನೆ ಎಂದು ಪಕ್ಕದ ಮನೆಗೆ ಕೊಟ್ಟೆ. ಕೇಳಿದ್ದಕ್ಕೆ ಫೋನಿನಲ್ಲಿ ನನಗೆ ಎದುರು ಮಾತಾಡಿದೆ. ನಾನು ಸಿಟ್ಟಿನಲ್ಲಿ, ಅಂಥವಳ ಮನೆಯಲ್ಲಿ ನನ್ನ ಮಗ ಒಂದು ದಿನವೂ ಇರಬಾರದು ಎಂದೆ. ಅಕ್ಷಿತನಿಗೆ ಇದನ್ನೇ ಹೇಳಿದ್ದೇನೆ. ಅವನು ನಂಬಲಿಲ್ಲ, ಮಾಮಿ ಅಂಥವರಲ್ಲ ಎಂದು ನಿನ್ನ ಪರವಾಗಿ ನನ್ನ ಹತ್ತಿರ ಜಗಳಕ್ಕೇ ಬಂದ. ಅಮ್ಮ ಬೇಕೋ ಮಾಮಿ ಬೇಕೋ ಎಂದು ಕೇಳಿದ ಮೇಲೆ ಚೀಲ ಕಟ್ಟಿದ. ಹೆತ್ತ ಮಗನಿಗೇ ಸುಳ್ಳು ಹೇಳಿದೆ ಅಮಿತಾ, ಆದರೆ ಗಂಡಸಿಗೆ ತಿಳಿಯದೆ ಇರಬೇಕಾದ್ದು ತಿಳಿಯಬಾರದು.

ನೀನು ಬರೆದದ್ದನ್ನು ನಾನು ಬಚ್ಚಲಿನಲ್ಲಿ ಕೂತು ಓದಿದೆ. ನಮ್ಮ ಮನೆಯಲ್ಲೂ ಬೇರೆ ಜಾಗ ಇಲ್ಲ. ನನ್ನ ಮದುವೆಯಾದ ಹೊಸತರಲ್ಲಿ ನಾನೂ ಹಾಗೇ ಇದ್ದೆ, ಕಕ್ಕಸು ಮನೆಯ ಹಿಂದೆ, ಅದಕ್ಕೆ ಎದುರಾಗಿ ಹಿತ್ತಿಲ ಜಗಲಿಯಲ್ಲಿ ಯಾವಾಗಲೂ ಮಾವ ಕೂತಿರುತ್ತಿದ್ದರು. ಯಾರಿಗೂ ಹೇಳಿದವಳಲ್ಲ. ನನಗಾದರೂ ಹತ್ತೊಂಬತ್ತು, ಗಂಡ ಎನ್ನುವವನು ನಿಜವಾಗಿ ಗಂಡನೇ. ಆ ಮಗುವಿಗೆ ನಾನೇ ಗಂಡನನ್ನು ಕಟ್ಟಿಕೊಟ್ಟು ಎದುರಿಗೆ ಕೂರಿಸಿದೆ ನೋಡು. ಹೆಚ್ಚು ಬರೆದರೆ ಅಳು ಬರುತ್ತದೆ, ಬಿಡು.

ಮದುವೆಗೆ ಬಂದೇ ಬನ್ನಿ. ಆದರೆ ಮೂಲ್ಕಿಯಲ್ಲಿ ನನ್ನನ್ನು ಕಂಡರೆ ಮುಖ ತಿರುಗಿಸು. ನಾನು ನಿನ್ನ ಎಲೆಯ ಹತ್ತಿರ ಬಂದರೆ ನೀನು ಎದ್ದು ಹೋಗು. ನೆಂಟರೆಲ್ಲ ಒಬ್ಬರಿಗೊಬ್ಬರು ಕಣ್ಣು ಮಾಡಲಿ. ನಿನಗಿನ್ನೂ ಅರ್ಥವಾಗಲಿಲ್ಲವಾ? ಜಗಳವಾದ ಮನೆಗಳ ನಡುವೆ ಯಾರೂ ಸಂಬಂಧದ ಮಾತೆತ್ತುವುದಿಲ್ಲ. ಅವಳನ್ನು ನೋಡಿ ಬಾವ ಎಲ್ಲಿ ಎಂದು ಇನ್ನು ಒಬ್ಬರೂ ಕೇಳುವುದಿಲ್ಲ. ಅವಳು ಓದು ಮುಗಿಸಿ ತನ್ನ ಕಾಲಮೇಲೆ ನಿಲ್ಲುವವರೆಗೆ ನಾವಿಬ್ಬರೂ ಹೀಗೇ ಇರೋಣ. ನನ್ನ ಮಗನನ್ನು ನಿನ್ನ ಕಡೆಯಿಂದ ಕರೆಯಬೇಡ, ಅವನಾಗಿ ಬಂದರೆ ಹೊಟ್ಟೆತುಂಬ ಊಟ ಹಾಕಿ ಕಳಿಸು.

ಜಗಳ ನಟಿಸುವುದು ನನಗೆ ಕಷ್ಟವಿಲ್ಲ, ನನ್ನ ಬಾಯಿ ಊರಿಗೇ ಗೊತ್ತು. ನೀನು ಪಾಪದವಳು, ನಡುವೆ ನಕ್ಕುಬಿಟ್ಟೀಯ, ಜಾಗ್ರತೆ.

ಗಂಜಿ ಸೇರುತ್ತಿದೆ, ಈಗ ಬೆಳಿಗ್ಗೆ ಅವಳೇ ಎಲ್ಲರಿಗಿಂತ ಮೊದಲು ಏಳುತ್ತಾಳೆ ಎಂದು ದುಗ್ಗು ಫೋನಿನಲ್ಲಿ ಹೇಳಿದ. ಸ್ಪೀಕರಿನಲ್ಲಿತ್ತು, ಅದಕ್ಕೆ ನಾನು ಹೂಂ ಎಂದೂ ಅನ್ನಲಿಲ್ಲ, ನನಗೇನು ಎಂದು ಎದ್ದು ಒಳಗೆ ಹೋದೆ. ಒಳಗೆ ಹೋಗಿ ದೇವರಿಗೆ ಕೈ ಮುಗಿದೆ.

ನಿನ್ನ ಮುಖ ನೋಡದ
ಅತ್ತಿಗೆ